ಸಾವು ಮೊದಲು, ಹುಟ್ಟು ಕೊನೆಗೆ

ಮನೆಯಿಂದ,
ಏಪ್ರಿಲ್ ೬

ಪ್ರೀತಿಯ ತಾರೀಕಪ್ಪನವರಿಗೆ,

ಪತ್ರಿಕೆಯವರು ಇಟ್ಟ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೇನೆ. ಬೇರೆ ಹೆಸರಿನಿಂದ ಕರೆಯುವ ಹಕ್ಕು ಈಗ ಇನ್ನೊಬ್ಬಳದು. ಆರೋಗ್ಯ ಹೇಗಿದೆ? ಎದೆಯುರಿ ಕಡಿಮೆಯಾಯಿತೇ? ಅಡುಗೆಗೆ ಖಾರ ಕೈಹಿಡಿದು ಹಾಕಬೇಕೆಂದು ಆ ಜಾಹೀರಾತು ವಿಭಾಗದವಳಿಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ನಾನು ದಪ್ಪಗಾಗಿದ್ದೇನೆ. ಅಳತೆ ತಪ್ಪಿ ಮಾಡಿದ ಅಡುಗೆಯನ್ನೆಲ್ಲ ಒಬ್ಬಳೇ ತಿಂದರೆ ಇನ್ನೇನಾಗುತ್ತದೆ?

ನಿಮ್ಮ ಪತ್ರ ತಲುಪಿತು. ಈ ಹದಿನೈದಕ್ಕೆ ನಿಮ್ಮ ಮಗಳಿಗೆ ವರ್ಷ ತುಂಬುತ್ತದೆ, ಆ ತಾರೀಕಿನ 'ಇತಿಹಾಸದಲ್ಲಿ ಈ ದಿನ' ಅಂಕಣ ಬರೆದುಕೊಡು, ಚೌಕಟ್ಟು ಹಾಕಿಸುತ್ತೇನೆ ಎಂದಿದ್ದೀರಿ. ನೀವೇ ಬಿಟ್ಟುಹೋದ ಹೆಂಡತಿಯ ಹತ್ತಿರ ಇಂಥದ್ದನ್ನು ಕೇಳಲು ಎಂಥ ಗಟ್ಟಿ ಮುಖ ಬೇಕೋ, ಅದು ನಿಮಗೆ ಮೊದಲಿನಿಂದಲೂ ಇದೆ. ಅದೇ ದಿನ ಮೂವರೂ ಇಲ್ಲಿಗೆ ಬಂದು, ಮಗುವನ್ನು ನಿಮ್ಮ ಅಮ್ಮನ ಮಡಿಲಲ್ಲಿ ಕೂರಿಸಿ ಫೋಟೋ ತೆಗೆಸಬೇಕು ಅಂತಲೂ ಬರೆದಿದ್ದೀರಿ. ಅಮ್ಮನ ಸಂಗತಿ ಆಮೇಲೆ, ಮೊದಲು ಕೆಲಸ ಮುಗಿಸುತ್ತೇನೆ.

ನೀವು ಕಾಲು ಕಿತ್ತ ಮೇಲೆ ಸಂಪಾದಕರು ಮನೆಗೆ ಬಂದರು. ಅಟ್ಟದ ತುಂಬ ನಿಮ್ಮ ತಾರೀಕಿನ ಕಾರ್ಡುಗಳು, ಕೆಳಗೆ ನಾನು. ಎರಡನ್ನೂ ನೋಡಿ ಅಂಕಣ ನನಗೇ ಕೊಟ್ಟರು. ನಿಮ್ಮ ನಿಯಮ ಇಂದಿಗೂ ಮುರಿದಿಲ್ಲ: ಸಾವು ಮೊದಲು, ಹುಟ್ಟು ಕೊನೆಗೆ. "ಓದುಗ ಕಾಫಿ ಮುಗಿಸೋ ಹೊತ್ತಿಗೆ ಒಂದು ಮಗು ಹುಟ್ಟಿರಬೇಕು ಕಣೇ" ಎನ್ನುತ್ತಿದ್ದಿರಿ. ಒಮ್ಮೆ ಕಾರ್ಡುಗಳನ್ನು ಹಿಂದುಮುಂದು ಜೋಡಿಸಿಕೊಟ್ಟೆನೆಂದು ಇಡೀ ದಿನ ನನ್ನ ಹತ್ತಿರ ಮಾತು ಬಿಟ್ಟಿರಿ. ಆಗ ಅಮ್ಮ ನಿಮ್ಮ ತಟ್ಟೆ ಎತ್ತಿಟ್ಟು, "ಅವಳನ್ನ ಮಾತಾಡಿಸೋವರೆಗೂ ಊಟ ಇಲ್ಲ" ಎಂದಿದ್ದರು.

ಬರೆದುಕೊಳ್ಳಿ. ಏಪ್ರಿಲ್ ಹದಿನೈದು: ನಾಟಕ ನೋಡುತ್ತ ಕೂತಿದ್ದಾಗ ಗುಂಡೇಟು ತಿಂದ ಲಿಂಕನ್ ಮರುದಿನ ಬೆಳಿಗ್ಗೆ ಸತ್ತದ್ದು. ಟೈಟಾನಿಕ್ ಹಡಗು ಮುಳುಗಿದ್ದು. ಅದರಲ್ಲಿ ಕೊನೆಯವರೆಗೂ ವಾದ್ಯ ನುಡಿಸುತ್ತಿದ್ದರಂತೆ. ನಮ್ಮ ಸಂಸಾರದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊನೆಗೆ ನಿಮ್ಮಿಷ್ಟದಂತೆ ಹುಟ್ಟು: ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ. ಅವನ ಅಪ್ಪ ಅಮ್ಮನೂ ಮದುವೆಯಾದವರಲ್ಲ, ಆದರೂ ಹುಡುಗ ಉದ್ಧಾರವಾದ. ನಿಮ್ಮವಳಿಗೆ ಧೈರ್ಯ ಹೇಳಿ.

ಇನ್ನು ಅಮ್ಮ. ಅವರಿಗೆ ಕಿವಿ ಕೇಳದು ಎಂಬುದು ನಿಮಗೆ ಎಷ್ಟು ಅನುಕೂಲವಾಯಿತೆಂದು ಆಗಾಗ ಯೋಚಿಸುತ್ತೇನೆ. ಫೋನು ಮಾಡುವ ಗೋಜಿಲ್ಲ, ಪತ್ರದ ಕೊನೆಗೆ "ಅಮ್ಮನಿಗೆ ನಮಸ್ಕಾರ ತಿಳಿಸು" ಎಂದು ಗೀಚಿದರೆ ಮಗನ ಕರ್ತವ್ಯ ಮುಗಿಯಿತು. ಅವರೋ, ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಅಂಕಣ ಓದಿ, ಎದುರುಮನೆಯ ಟೈಲರನನ್ನು ಕರೆದು, "ನನ್ನ ಮಗ ಬರೆದದ್ದು" ಎಂದು ತೋರಿಸುತ್ತಿದ್ದರು. ಬರೆದ ನಾನು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ಅವರ ಮೇಲಿನ ಪ್ರೀತಿಯಿಂದ.

ಮಗುವಿಗೆ ನನ್ನ ಆಶೀರ್ವಾದ. ಅದಕ್ಕೆ ನಿಮ್ಮ ಮೂಗು ಬರಲಿ, ಬುದ್ಧಿ ಬರುವುದು ಬೇಡ.

ಇಂತಿ,
ನಿಮ್ಮ ಅಂಕಣದವಳು

ಮರೆತಿದ್ದೆ: ಹೋದ ವರ್ಷ ಅದೇ ಹದಿನೈದರ ಬೆಳಿಗ್ಗೆ ನಿಮಗೆ ಫೋನು ಮಾಡಿದ್ದೆನಲ್ಲ, ನಾನು ಬಾಯಿ ತೆರೆಯುವ ಮೊದಲೇ, "ಹೆಣ್ಣುಮಗು, ಈಗ ತಾನೇ ಹುಟ್ಟಿತು. ಇವತ್ತು ನಿನ್ನ ಬಾಯಿಂದ ಬೇರೆ ಯಾವ ಸುದ್ದಿನೂ ಬೇಡ" ಎಂದು ಫೋನು ಇಟ್ಟುಬಿಟ್ಟಿರಿ. ಬೇಡ ಎಂದಿರಿ, ನಾನೂ ಸುದ್ದಿಯನ್ನು ನನ್ನಲ್ಲೇ ಇಟ್ಟುಕೊಂಡೆ. ಅಮ್ಮ ಅಂದು ಬೆಳಿಗ್ಗೆ ಕುರ್ಚಿಯಲ್ಲೇ ಹೋಗಿದ್ದರು, ಮಡಿಲಲ್ಲಿ ಪೇಪರು. ಟೈಲರ್ ಮತ್ತು ಪತ್ರಿಕೆಯ ಹುಡುಗರು ಹೆಗಲು ಕೊಟ್ಟರು. ವರ್ಷವಿಡೀ ನಿಮ್ಮ ನಮಸ್ಕಾರಗಳನ್ನು ಆ ಕುರ್ಚಿಗೆ ತಿಳಿಸಿದ್ದೇನೆ. ಫೋಟೋಕ್ಕೆ ಬನ್ನಿ, ಕುರ್ಚಿ ಒರೆಸಿಡುತ್ತೇನೆ. ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಹುಟ್ಟು ಕೊನೆಗೆ ಬರಬೇಕೆಂಬುದು ಗೊತ್ತು. ಈ ಒಂದು ಸಲ ಸಾವನ್ನು ಕೊನೆಗೆ ಹಾಕಿದ್ದೇನೆ.