ಟ್ರೆಡ್‌ಮಿಲ್ ಮೇಲಿನ ನಟ

ವ್ಯಾಯಾಮ ಶರೀರಶಾಸ್ತ್ರ ವಿಭಾಗ, ನೆಲಮಾಳಿಗೆ
ಮಾರ್ಚ್ ೧೨, ಗುರುವಾರ

ತೆರೆಯ ಹಿಂದೆ ನಿಂತೇ ನಮ್ಮನ್ನೆಲ್ಲ ಆಡಿಸಿದ ನನ್ನಮ್ಮನಿಗೆ,

ಗಂಟಲು ಹೇಗಿದೆ? ಮಂಡಿನೋವು? ನಾಟಕದ ತಂಡದ ಜೊತೆ ಊರೂರು ಸುತ್ತುತ್ತ, ಮಾತು ಮರೆತವರಿಗೆಲ್ಲ ಪಿಸುದನಿಯಲ್ಲಿ ಹೇಳಿಕೊಟ್ಟು ಸವೆಸಿದ ಗಂಟಲು ಅದು. ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ನಿನ್ನ ಮಗನ ಮೇಲೆ ರೇಗಿ ರೇಗಿ ನನ್ನ ಗಂಟಲೂ ಕೂತಿದೆ, ಅಷ್ಟೇ.

ಈಗ ನಮ್ಮ ಗುಂಡನ ಸಮಾಚಾರ. ಫುಟ್‌ಬಾಲ್ ಪಂದ್ಯದಲ್ಲಿ ಚೆಂಡಿಗೆಂದು ಹಾರಿ, ಎದುರಾಳಿಯ ತಲೆಗೆ ತಲೆ ಕೊಟ್ಟು, ಮೈದಾನದಲ್ಲಿ ಮರ ಉರುಳಿದಂತೆ ಉರುಳಿದ್ದು ನಿನಗೆ ಗೊತ್ತು. ಭಾನುವಾರ ಫೈನಲ್, ದೇಶದ ತಂಡಕ್ಕೆ ಆರಿಸುವವರು ಬರುತ್ತಾರೆ. ಅವನ ತಂಡದ ಡಾಕ್ಟರು ನನ್ನ ಪರೀಕ್ಷೆಯ ವರದಿ ನೋಡಿಯೇ ಅವನನ್ನು ಆಡಲು ಬಿಡುವುದು. ಅದಕ್ಕೇ ನಿನ್ನ ಬಳಿ ಗೋಳಾಡಿದ್ದಾನೆ, ನೀನೂ ಫೋನಿನಲ್ಲಿ "ಒಂದು ಸಹಿ ಹಾಕ್ಬಿಡೇ, ಪಾಪ, ತಮ್ಮ ಅಲ್ವಾ" ಅಂದೆ.

ನನ್ನ ಸಂಶೋಧನೆಯೆಲ್ಲ ಇಷ್ಟೇ ಅಮ್ಮ: ಪೆಟ್ಟು ತಿಂದ ಮಿದುಳು ಕೂತಾಗ ಸುಮ್ಮನಿದ್ದರೂ ಎದೆಬಡಿತ ಏರಿದಾಗ ಬಾಯಿ ಬಿಡುತ್ತದೆ. ಅದಕ್ಕೇ ಟ್ರೆಡ್‌ಮಿಲ್ ಹತ್ತಿಸಿ, ಮೆಲ್ಲಗೆ ಅದರ ಏರು ಹೆಚ್ಚಿಸುತ್ತ, ತಲೆ ನೋಯುತ್ತಿದೆಯೇ ಎಂದು ಕೇಳುತ್ತಾ ಹೋಗುತ್ತೇವೆ. ನೋವು ಅಳೆಯುವ ಯಂತ್ರ ಇನ್ನೂ ಹುಟ್ಟಿಲ್ಲ, ನಡೆಯುವವನೇ ಹೇಳಬೇಕು. ಮಂಗಳವಾರ ನಿನ್ನ ಮಗ ಹತ್ತಿದ. ಆಹಾ, ಏನು ಅಭಿನಯ. "ಇದೇನಕ್ಕಾ, ಅಜ್ಜಿಯಂದ್ರು ವಾಕಿಂಗ್ ಹೋಗೋ ಸ್ಪೀಡು" ಎಂದು ನನ್ನ ವಿದ್ಯಾರ್ಥಿಗಳನ್ನು ನಗಿಸಿದ. ಕೇಳಿದಾಗಲೆಲ್ಲ "ನೋವಾ? ಸೊನ್ನೆ". ಎಲ್ಲರೂ ನಂಬಿದರು. ಏರು ಹೆಚ್ಚಿತು ನೋಡು, ಅವನ ಬಲಗೈ ತಾನಾಗಿ ಕಿವಿಯ ಹಾಲೆಗೆ ಹೋಯಿತು. ಚಿಕ್ಕಂದಿನಲ್ಲಿ ನಿಮ್ಮ ನಾಟಕಗಳಲ್ಲಿ ರಂಗದ ಮೇಲೆ ಮಾತು ಮರೆತಾಗಲೆಲ್ಲ ಕಿವಿ ಹಿಡಿದು ನಿನ್ನ ಕಡೆ ನೋಡುತ್ತಿದ್ದನಲ್ಲ, ಅದೇ ಕೈ. ಯಂತ್ರ ನಿಲ್ಲಿಸಿದೆ. "ಕಿವಿ ಮುಟ್ಟಿದ್ರೆ ತಲೆನೋವು ಅಂತ ಯಾವ ಪುಸ್ತಕದಲ್ಲಿದೆ?" ಎಂದು ಹಾರಾಡಿದ. ಯಾವುದರಲ್ಲೂ ಇಲ್ಲ. ಆದರೂ ಸಹಿ ಹಾಕುವುದಿಲ್ಲ. ಕೋಚ್ ಕುಲಪತಿಗಳಿಗೇ ದೂರು ಕೊಡಲಿ. ವಾಸಿಯಾಗದ ಮಿದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ ಆ ನಾಟಕಕ್ಕೆ ಮರುಪ್ರದರ್ಶನವಿಲ್ಲ. ಇವತ್ತು ಸಂಜೆ ಮತ್ತೆ ಪರೀಕ್ಷೆಗೆ ಕರೆದಿದ್ದೇನೆ. ನೀನು ಮಾತ್ರ ಈ ಸಲ ಅವನಿಗೆ ಮಾತು ಹೇಳಿಕೊಡಬೇಡ.

ನಾಟಕದ ತಂಡದವರನ್ನೆಲ್ಲ ಕೇಳಿದೆನೆಂದು ಹೇಳು. ಬೈಯುವುದಿದ್ದರೆ ಬೈದುಕೊಂಡೇ ಹರಸು.

ನಿನ್ನ ಹಟಮಾರಿ ಮಗಳು

ಅವಸರದಲ್ಲಿ: ಕಾಗದ ಮಡಿಸುವಾಗಲೇ ಬಂದ. ಹತ್ತಿಸಿದೆ. ಏರು ಹೆಚ್ಚುತ್ತಲೇ ಕೈ ಕಿವಿಗೆ ಹೋಯಿತು. ಬಾಗಿಲ ಕಡೆ ನೋಡಿದ, ನೀನಿರಲಿಲ್ಲ. "ನಿಲ್ಸಕ್ಕಾ, ತಲೆ ಸಿಡೀತಿದೆ" ಎಂದ. ಯಾರೂ ಹೇಳಿಕೊಡಲಿಲ್ಲಮ್ಮ, ಅವನದೇ ಮಾತು. ಭಾನುವಾರ ಆಡುವುದಿಲ್ಲ. ನಾಳೆಯಿಂದ ದಿನವೂ ನನ್ನ ಜೊತೆ, ತಲೆ ನೋಯದಷ್ಟೇ, ಅಜ್ಜಿಯಂದಿರ ಸ್ಪೀಡಿನಲ್ಲಿ ನಡೆಯುತ್ತಾನೆ.