ನಾಲ್ಕನೇ ಸಲದ ದೋಣಿ

ಸಂಘಮಿತ್ರಾ,

ಇದನ್ನು ನಿನಗೆ ಕಳಿಸಲಾರೆನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಮಣ್ಣೂರಿನ ನಮ್ಮ ಶಾಲೆಯ ನಾಲ್ಕನೇ ತರಗತಿಗೆ ಅದೇ ದೋಣಿಯ ಲೆಕ್ಕ ಕೊಟ್ಟೆ. ಇಪ್ಪತ್ತಾರು ಮಂದಿ ಭೀಮಾ ನದಿ ದಾಟಬೇಕು, ದೋಣಿಯಲ್ಲಿ ಎಂಟೇ ಮಂದಿಗೆ ಜಾಗ. ಎಷ್ಟು ಸಲ ಹೋಗಬೇಕು?

ಆರು ವರ್ಷದ ಹಿಂದೆ ನೀನು ನಾಲ್ಕು ಎಂದಿದ್ದೆ. ಭಾಗಿಸಿದರೆ ಮೂರು ಬಂದು ಎರಡು ಉಳಿಯುತ್ತದೆ ಎಂದು ನಾನು ತಪ್ಪು ಹಾಕಿದೆ.

"ಆ ಇಬ್ಬರನ್ನ ದಂಡಿ ಮ್ಯಾಲೆ ಹೆಂಗ ಬಿಡಾದ್ರಿ, ಸರ್?" ಎಂದು ನೀನು ಕೇಳಿದೆ.

"ಹಂಗಾದ್ರ ನೀನೇ ಹೊತ್ಕೊಂಡು ದಾಟಸವ್ವ" ಎಂದೆ ನಾನು. ತರಗತಿಯೆಲ್ಲ ನಕ್ಕಿತು. ಆಮೇಲೆ ಗಣಿತದ ಅವಧಿಯಲ್ಲಿ ನೀನು ಬಾಯಿಯೇ ಬಿಡಲಿಲ್ಲ.

ಹೋದ ತಿಂಗಳು ಅಫಜಲಪುರದ ಬಸ್ ನಿಲ್ದಾಣದಲ್ಲಿ ನಿನ್ನ ಅವ್ವ ಸಿಕ್ಕಿದ್ದರು. "ಎಂಟನೇ ಕ್ಲಾಸಿಗೇ ಸಾಲಿ ಬಿಟ್ಟಾಳ್ರಿ ಸರ್. ಲೆಕ್ಕ ನನ್ನ ತಲಿಗಿ ಹತ್ತಂಗಿಲ್ಲ ಅಂತಾಳ" ಎಂದರು. ಇನ್ನೂ ಬಾರದ ಬಸ್ಸಿನ ನೆಪ ಹೇಳಿ ನಾನು ಅಲ್ಲಿಂದ ಜಾರಿಕೊಂಡೆ.

ಅದಕ್ಕೇ ಇವತ್ತು ಪುಸ್ತಕ ಮುಚ್ಚಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿ ಬರೆದು, ಇಪ್ಪತ್ತಾರು ಮಕ್ಕಳನ್ನೇ ದಾಟಿಸತೊಡಗಿದೆ. ಮೂರು ಸಲ ಆದಮೇಲೆ ಗೋಡೆಯ ಬಳಿ ಇಬ್ಬರು ಹುಡುಗಿಯರು ಉಳಿದರು. "ಇನ್ನೊಂದು ಸಲ ಬರ್ರಿ ಸರ್, ನಾವ್ ಇದ್ದೇವಿ!" ಎಂದು ಕೂಗಿದರು. ಭಾಗಾಕಾರಕ್ಕೆ ಮೊದಲು ಮಂದಿಯನ್ನು ನೋಡಬೇಕಿತ್ತು. ನೀನು ನೋಡಿದ್ದೆ.

ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರ್ ಧರ್ಮರಾಜರು, "ಭಾಳ ಚಂದ ಕಲಿಸಿದ್ರಿ. ನಿಮಗ ಇದನ್ನ ಯಾರು ಹೇಳಿಕೊಟ್ಟಾರ್ರಿ?" ಎಂದು ಕೇಳಿದರು.

"ಯಾರೂ ಇಲ್ರಿ, ನನಗೇ ಹೊಳೀತು" ಎಂದುಬಿಟ್ಟೆ.