ಹುಣಸೆಹಣ್ಣಿನಲ್ಲಿ ಬೆಳಗಿದ ಸೆಂಟ್ ನಾಣ್ಯ

ಅಶ್ವಥ್,

ಅತ್ತೆಯ ಹಣೆಗೆ ಏಳು ಹೊಲಿಗೆ ಬಿದ್ದಿವೆ. ಅವರ ಬಟ್ಟೆ ಒಯ್ಯಲು ಮನೆಗೆ ಬಂದಿದ್ದೆ; ಆಸ್ಪತ್ರೆಯಿಂದ ಅವರನ್ನು ನೇರವಾಗಿ ಶಿಕಾಗೊಗೆ, ನನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನೀನು ಎಲ್ಲಿಗೆ ಓಡಿಹೋಗಿದ್ದರೂ ಸರಿ, ಬಂದ ಕೂಡಲೇ ಅಡುಗೆಮನೆ ನೆಲದ ರಕ್ತ ಒರೆಸು. ನಾನು ಮುಟ್ಟಿಲ್ಲ.

ದೇವರ ಪಾತ್ರೆಗಳ ಜೊತೆ ನಿನ್ನ ಹಳೇ ತಾಮ್ರದ ಕಪ್ಪು ಸೆಂಟ್ ನಾಣ್ಯಗಳನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿದರು, ಅಷ್ಟೇ. ಇನ್ನೂರು ವರ್ಷದ ಬಣ್ಣ ಹೋಯಿತು, ಇನ್ನು ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್‌ನವರು ಮೂಸಿಯೂ ನೋಡುವುದಿಲ್ಲ ಎಂದು ನೀನು ಅವರ ಮೇಲೆ ಚೊಂಬು ಎಸೆದೆ. ಒಂದನ್ನು ಮಾತ್ರ ಗ್ರೇಡ್ ಮಾಡಿಸಿ, ಅವರು ಡಬ್ಬಿಯಲ್ಲಿ ಸೀಲ್ ಮಾಡಿ ಕೊಟ್ಟ ಮೇಲೆ, ಉಳಿದದ್ದನ್ನು ಕಳಿಸಲೋ ಬೇಡವೋ ಎಂದು ಆರು ವರ್ಷ ಕೂತವನು ನೀನು. ಮಾರ್ಚ್‌ನಲ್ಲಿ ನಿನ್ನನ್ನು ಲೇ-ಆಫ್ ಮಾಡಿದ್ದೂ ನಿನ್ನ ಅಮ್ಮ ಅಲ್ಲ.

ಹೊಲಿಗೆ ಹಾಕುವಾಗಲೂ ಅವರದು ಒಂದೇ ಮಾತು: "ಪ್ಲಾಸ್ಟಿಕ್ ಡಬ್ಬೀಲಿ ಒಂದಿತ್ತು, ನಂಗೆ ತೆಗೆಯಕ್ಕಾಗ್ಲಿಲ್ಲ. ಅದೊಂದು ಉಳ್ಕೊಂಡಿದೆ ಅಂತ ಅವನಿಗೆ ಹೇಳಮ್ಮ."

ಉಳಿದಿಲ್ಲ. ಆ 1794ರ ಸೆಂಟಿನ ಡಬ್ಬಿಯನ್ನು ಸುತ್ತಿಗೆಯಿಂದ ಒಡೆದು, ಹುಣಸೆಹಣ್ಣಿಗೆ ಉಪ್ಪು ಸೇರಿಸಿ ನಾನೇ ಅದನ್ನು ತಿಕ್ಕಿದ್ದೇನೆ. ಥಳಥಳ ಹೊಳೆಯುತ್ತಿದೆ, ನೋಡು.

ನಾಳೆ ಐದು ಗಂಟೆಗೆ ಒಬ್ಬಳೇ ಬರುತ್ತೇನೆ. ಚೊಂಬು ಸಿಂಕಿನ ಪಕ್ಕದಲ್ಲೇ ಇದೆ.

ಮಂಜರಿ